ಮೊಬೈಲ್‌ನಲ್ಲಿ ಬೇಸಾಯದ ಆಟ: ಮಕ್ಕಳಿಗೆ ಯಾವುದನ್ನು ಆರಿಸಿ ಕೊಡಬೇಕು?

ರೈತರ ಮನೆಗಳಲ್ಲಿ ಈಗ ಎರಡು ಬೇಸಾಯ ನಡೀತಾ ಇದೆ. ಒಂದು ಹೊಲದಲ್ಲಿ, ಇನ್ನೊಂದು ಜಗಲಿ ಮೂಲೆಯಲ್ಲಿ ಕೂತ ಮಕ್ಕಳ ಮೊಬೈಲ್‌ನಲ್ಲಿ. ಹೊಲದ ರಾಗಿ ಕೊಯ್ಲಿಗೆ ಬರಲು 110ರಿಂದ 115 ದಿನ ಬೇಕು. ಮೊಬೈಲ್‌ನ ಗೋಧಿ ಎರಡೇ ನಿಮಿಷಕ್ಕೆ ಕೊಯ್ಲಿಗೆ ಬರುತ್ತೆ. ಇದನ್ನು ಕಂಡು "ಹೊಲಕ್ಕೆ ಬಾ ಅಂದ್ರೆ ಬರಲ್ಲ, ಮೊಬೈಲ್‌ನಲ್ಲಿ ಗೆಯ್ಮೆ ಮಾಡ್ತಾನೆ" ಅಂತ ಬೈಯುವ ಅಪ್ಪಂದಿರೇ ಹೆಚ್ಚು. ಬೈದರೆ ಆಟ ನಿಲ್ಲೋದಿಲ್ಲ, ಮಗು ಹಿತ್ತಲಿಗೆ ಹೋಗಿ ಆಡುತ್ತೆ ಅಷ್ಟೆ.

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಬೇಸಾಯದ ಆಟಗಳನ್ನು ಬೇಡ ಅನ್ನಬೇಕಾಗಿಲ್ಲ, ಆದರೆ ಬಿತ್ತನೆ ಬೀಜ ಆರಿಸುವಷ್ಟೇ ಎಚ್ಚರದಿಂದ ಆರಿಸಿ ಕೊಡಬೇಕು. ಎಲ್ಲ ಆಟವೂ ಒಂದೇ ಅಲ್ಲ. ಕೆಲವು ಕಾಯೋದನ್ನು ಕಲಿಸ್ತವೆ, ಕೆಲವು ಕಾಯುವವನ ಜೇಬಿಗೆ ಕೈ ಹಾಕ್ತವೆ. ಕೃಷಿ ಸಲಹೆ ಓದುವ ನಿಮಗೆ ಈ ವಿಷಯ ಯಾಕೆ ಅಂತ ಕೇಳಬಹುದು. ಎರಡು ಕಾರಣ ಇದೆ.

ಒಂದು, ನಾಳೆ ನಮ್ಮ ಜಮೀನು ನೋಡಿಕೊಳ್ಳಬೇಕಾದವರ ತಲೆಯಲ್ಲಿ ಬೇಸಾಯದ ಮೊದಲ ಚಿತ್ರ ಈಗ ಈ ಆಟಗಳಿಂದಲೇ ಮೂಡ್ತಾ ಇದೆ. ಎರಡು, ಪಟ್ಟಣದ ನೌಕರಿ ಬೇಸರ ಬಂದು ಜಮೀನಿಗೆ ಬರಬೇಕು ಅನ್ನುವ ಹುಡುಗರು ಹೆಚ್ಚಾಗಿದ್ದಾರೆ. 2020ರ ಭೂ ಸುಧಾರಣಾ ಕಾಯ್ದೆ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ನಮ್ಮ ರಾಜ್ಯದಲ್ಲಿ ಜಮೀನು ಕೊಳ್ಳಬಹುದು. ತಲೆಯಲ್ಲಿ ಆಟದ ಹೊಲ ಇಟ್ಟುಕೊಂಡು ನಿಜವಾದ ಹೊಲಕ್ಕೆ ಉಳಿತಾಯದ ಹಣ ಸುರಿದರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈ ಆಟಗಳು ಇವತ್ತಿನವಲ್ಲ

ಜಪಾನಿನಲ್ಲಿ 1996ರಲ್ಲೇ ‘ಹಾರ್ವೆಸ್ಟ್ ಮೂನ್’ ಎಂಬ ಬೇಸಾಯದ ಆಟ ಬಂತು. ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಾಗಿದ್ದು 2009ರಲ್ಲಿ ಫೇಸ್‌ಬುಕ್‌ನಲ್ಲಿ ಶುರುವಾದ ‘ಫಾರ್ಮ್‌ವಿಲ್’. ಆಫೀಸಿನಲ್ಲಿ ಕೂತು "ನನ್ನ ಸ್ಟ್ರಾಬೆರಿ ಒಣಗಿ ಹೋಗುತ್ತೆ" ಅಂತ ಒದ್ದಾಡುತ್ತಿದ್ದವರು ನಿಮಗೂ ನೆನಪಿರಬಹುದು. ಆ ಆಟ 2020ರ ಡಿಸೆಂಬರ್ 31ಕ್ಕೆ ಮುಚ್ಚಿತು. ಅಷ್ಟರಲ್ಲಿ ಅದೇ ತರಹದ ನೂರಾರು ಆಟಗಳು ಮೊಬೈಲ್‌ಗೆ ಬಂದಿದ್ದವು.

ಆರಿಸುವ ಮೊದಲು ಐದು ಪ್ರಶ್ನೆ ಕೇಳಿ

ಆಟದ ಚಿತ್ರ ಎಷ್ಟು ಚೆನ್ನಾಗಿದೆ, ಟ್ರ್ಯಾಕ್ಟರ್ ಎಷ್ಟು ನಿಜದಂತೆ ಕಾಣುತ್ತೆ ಅನ್ನೋದು ಮುಖ್ಯ ಅಲ್ಲ. ನಾನು ನೋಡುವುದು ಇಷ್ಟು:

- ಬೆಳೆಗೆ ಕಾಲ ಇದೆಯಾ? ಹೊತ್ತು ತಪ್ಪಿ ಬಿತ್ತಿದರೆ ನಷ್ಟ ಆಗುತ್ತಾ?
- ಕಾಯುವ ಹೊತ್ತನ್ನು ದುಡ್ಡು ಕೊಟ್ಟು ಕಡಿಮೆ ಮಾಡಿಕೊಳ್ಳಬಹುದಾ?
- ಸೋಲು ಇದೆಯಾ? ಬೆಳೆ ಹೋಗುವುದು, ಹಣ ಮುಗಿಯುವುದು ಇದೆಯಾ?
- ಮಾರುವ ಬೆಲೆ ಏರಿಳಿಯುತ್ತಾ, ಅಥವಾ ಎಷ್ಟು ಸುರಿದರೂ ಒಂದೇ ಬೆಲೆಯಾ?
- ಕಟ್ಟಡ, ದಾರಿ, ನೀರು ಎಲ್ಲಿ ಬರಬೇಕು ಅಂತ ಯೋಚಿಸುವ ಕೆಲಸ ಇದೆಯಾ?

ಈ ಐದಕ್ಕೂ ಒಳ್ಳೆಯ ಉತ್ತರ ಕೊಡುವ ಆಟ ನನಗೆ ಸಿಕ್ಕಿಲ್ಲ. ಮೂರಕ್ಕೆ ಸಿಕ್ಕರೆ ಕೊಡಬಹುದು.

ಹೇ ಡೇ: ಬಣ್ಣ ಹೆಚ್ಚು, ಬೇಸಾಯ ಕಡಿಮೆ

ಫಿನ್‌ಲ್ಯಾಂಡಿನ ಸೂಪರ್‌ಸೆಲ್ ಕಂಪನಿ 2012ರಲ್ಲಿ ತಂದ ‘ಹೇ ಡೇ’ ಮಕ್ಕಳಿಗೆ ಬಹಳ ಇಷ್ಟ. ಪುಕ್ಕಟೆ ಸಿಗುತ್ತೆ. ಗೋಧಿ ಎರಡು ನಿಮಿಷ, ಜೋಳ ಐದು ನಿಮಿಷ. ಬೆಳೆ ಬಂದ ಮೇಲೆ ಕೊಯ್ಯದೆ ಬಿಟ್ಟರೂ ಹಾಳಾಗೋದಿಲ್ಲ. ರೋಗ ಇಲ್ಲ, ಬರ ಇಲ್ಲ. ಗೋಧಿಯಿಂದ ಬ್ರೆಡ್ಡು, ಹಾಲಿನಿಂದ ಬೆಣ್ಣೆ ಮಾಡಿ ಮಾರಿದರೆ ಹೆಚ್ಚು ಹಣ ಅನ್ನೋದನ್ನು ತೋರಿಸುತ್ತೆ. ಮೌಲ್ಯವರ್ಧನೆ ಅಂತ ನಾವು ಕರೆಯುವುದು ಇದನ್ನೇ, ಮಕ್ಕಳಿಗೆ ಅಷ್ಟರ ಮಟ್ಟಿಗೆ ಒಳ್ಳೆಯದೇ.

ತೊಂದರೆ ಬೇರೆ ಕಡೆ ಇದೆ. ಕಾಯೋದು ಬೇಸರ ಆದರೆ ವಜ್ರ ಖರ್ಚು ಮಾಡಿ ಕೆಲಸ ತಕ್ಷಣ ಮುಗಿಸಬಹುದು. ಆ ವಜ್ರ ಕೊಳ್ಳೋದು ನಿಜವಾದ ದುಡ್ಡಿಗೆ. ಅಂದ್ರೆ ಈ ತರಹದ ಆಟ ಕಾಯುವುದನ್ನು ಕಲಿಸೋದಿಲ್ಲ, ಕಾಯುವುದು ಅಂದ್ರೆ ಶಿಕ್ಷೆ ಅಂತ ಕಲಿಸುತ್ತೆ. ಬೇಸಾಯದ ಮೊದಲ ಪಾಠವನ್ನೇ ತಿರುಗುಮುರುಗು ಮಾಡಿದ ಹಾಗಾಯ್ತು. ಎಂಟು ವರ್ಷದ ಮಗು ಅರ್ಧ ಗಂಟೆ ಆಡಿದರೆ ಅಡ್ಡಿಯಿಲ್ಲ, ಬೇಸಾಯ ಕಲೀತಾ ಇದೆ ಅಂತ ಮಾತ್ರ ತಿಳಿಯಬೇಡಿ.

ಸ್ಟಾರ್‌ಡ್ಯೂ ವ್ಯಾಲಿ: ಋತು ಇದೆ, ಮಾರುಕಟ್ಟೆ ಇಲ್ಲ

2016ರಲ್ಲಿ ಬಂದ ಈ ಆಟವನ್ನು ಮಾಡಿದ್ದು ಅಮೆರಿಕದ ಎರಿಕ್ ಬರೋನ್ ಎಂಬ ಒಬ್ಬನೇ ವ್ಯಕ್ತಿ, ಅದೂ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೂತು. ಒಮ್ಮೆ ದುಡ್ಡು ಕೊಟ್ಟು ಕೊಂಡರೆ ಮುಗೀತು, ಜಾಹೀರಾತು ಇಲ್ಲ, ವಜ್ರ ಇಲ್ಲ. ಮೊಬೈಲ್‌ನಲ್ಲೂ ಆಡಬಹುದು.

ಕತೆ ನಮ್ಮ ಬೆಂಗಳೂರು ಹುಡುಗರಿಗೆ ಬರೆದ ಹಾಗಿದೆ. ದೊಡ್ಡ ಕಂಪನಿಯ ಆಫೀಸಿನಲ್ಲಿ ಬೇಸತ್ತವನು ಅಜ್ಜ ಬಿಟ್ಟುಹೋದ ಜಮೀನಿಗೆ ಬರ್ತಾನೆ. ಕೈಯಲ್ಲಿ ಇರುವುದು 500 ನಾಣ್ಯ, 15 ಬೀಜ. ಜಮೀನು ತುಂಬ ಕಲ್ಲು, ಮರ, ಕಳೆ. ವರ್ಷಕ್ಕೆ ನಾಲ್ಕು ಋತು, ಒಂದೊಂದಕ್ಕೆ 28 ದಿನ. ವಸಂತದ ಬೆಳೆ ಬೇಸಿಗೆಯ ಮೊದಲ ದಿನವೇ ಒಣಗಿ ನಿಲ್ಲುತ್ತೆ. ಹತ್ತು ದಿನದ ಬೆಳೆಯನ್ನು ಋತು ಮುಗಿಯಲು ಐದು ದಿನ ಇರುವಾಗ ನೆಟ್ಟವನಿಗೆ ಬೀಜದ ದುಡ್ಡೂ ಹೋಯ್ತು. ಬೆದರುಬೊಂಬೆ ನಿಲ್ಲಿಸದಿದ್ದರೆ ಕಾಗೆ ತಿನ್ನುತ್ತೆ. ಒಂದು ದಿನಕ್ಕೆ ಮೈಯಲ್ಲಿ ಇಷ್ಟೇ ಶಕ್ತಿ ಅಂತ ಲೆಕ್ಕ ಇದೆ, ಅಷ್ಟರಲ್ಲೇ ನೀರು ಹಾಯಿಸಬೇಕು, ಅಗೆಯಬೇಕು. ಹದ ನೋಡಿ ಬಿತ್ತಬೇಕು ಅನ್ನುವ ಮಾತು ಇಲ್ಲಿ ಮಕ್ಕಳಿಗೆ ತಾನಾಗಿ ಅರ್ಥ ಆಗುತ್ತೆ.

ಸುಳ್ಳು ಇರುವುದು ಎಲ್ಲಿ ಅಂದ್ರೆ ಮಾರಾಟದಲ್ಲಿ. ಮನೆ ಮುಂದಿನ ಪೆಟ್ಟಿಗೆಗೆ ಹಾಕಿದರೆ ಬೆಳಗ್ಗೆ ದುಡ್ಡು ಬಂದಿರುತ್ತೆ. ಹತ್ತು ಹಾಕಿ, ಸಾವಿರ ಹಾಕಿ, ಒಂದೇ ಬೆಲೆ. 2023ರ ಜುಲೈನಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದ್ದ ಟೊಮ್ಯಾಟೊ ಸೆಪ್ಟೆಂಬರ್ ಹೊತ್ತಿಗೆ ಹೇಗೆ ಕುಸಿಯಿತು ಅಂತ ಕೋಲಾರದ ರೈತರನ್ನು ಕೇಳಿ. ಎಲ್ಲರೂ ಒಂದೇ ಬೆಳೆ ಹಾಕಿದರೆ ಬೆಲೆ ಬೀಳುತ್ತೆ ಅನ್ನೋದು ಈ ಆಟದವನಿಗೆ ಕನಸಿನಲ್ಲೂ ಬರೋದಿಲ್ಲ. ಇನ್ನೊಂದು, ಇಲ್ಲಿ ನೀರು ಬಿಡದಿದ್ದರೆ ಗಿಡ ಸಾಯೋದಿಲ್ಲ, ಬೆಳೆಯೋದು ನಿಲ್ಲುತ್ತೆ ಅಷ್ಟೆ. ನೆಟ್ಟ ಹಣ್ಣಿನ ಗಿಡ 28 ದಿನಕ್ಕೆ ಮರ ಆಗುತ್ತೆ. ನಮ್ಮ ತಿಪಟೂರು ಸೀಮೆಯಲ್ಲಿ ತೆಂಗಿನ ಸಸಿ ಫಲಕ್ಕೆ ಬರಲು ಆರೇಳು ವರ್ಷ, ಕಾಯಿ ಅಟ್ಟದಲ್ಲಿ ಕೂತು ಉಂಡೆ ಕೊಬ್ಬರಿ ಆಗಲು ಮತ್ತೆ ಸುಮಾರು ಒಂದು ವರ್ಷ.

ಫಾರ್ಮಿಂಗ್ ಸಿಮ್ಯುಲೇಟರ್: ಲೆಕ್ಕ ಚೆನ್ನಾಗಿದೆ, ಜಮೀನು ನಮ್ಮದಲ್ಲ

ಸ್ವಿಟ್ಜರ್‌ಲ್ಯಾಂಡಿನ ಜೈಂಟ್ಸ್ ಸಾಫ್ಟ್‌ವೇರ್ 2008ರಿಂದ ತರುತ್ತಿರುವ ಆಟ ಇದು. ಟ್ರ್ಯಾಕ್ಟರ್ ಹುಚ್ಚಿನ ಹುಡುಗರಿಗೆ ಇದೇ ಬೇಕು. ಜಾನ್ ಡಿಯರ್, ನ್ಯೂ ಹಾಲೆಂಡ್, ಮ್ಯಾಸಿ ಫರ್ಗುಸನ್ ಎಲ್ಲ ನಿಜವಾದ ಕಂಪನಿಗಳ ಯಂತ್ರಗಳೇ ಇರ್ತವೆ. ಉಳುಮೆ, ಸುಣ್ಣ ಹಾಕೋದು, ಬಿತ್ತನೆ, ಗೊಬ್ಬರ, ಕಳೆ ತೆಗೆಯೋದು, ಕಟಾವು ಎಲ್ಲ ಸಾಲಾಗಿ ಮಾಡಬೇಕು. ಸಾಲಕ್ಕೆ ಬಡ್ಡಿ ಕಟ್ಟಬೇಕು. ಯಂತ್ರ ಕೊಳ್ಳಬಹುದು, ಬಾಡಿಗೆಗೂ ತರಬಹುದು. ಬೆಲೆ ತಿಂಗಳಿನಿಂದ ತಿಂಗಳಿಗೆ, ಮಾರುವ ಜಾಗದಿಂದ ಜಾಗಕ್ಕೆ ಬದಲಾಗುತ್ತೆ. ಕಟಾವಾದ ಕೂಡಲೇ ಮಾರಬೇಕಾ, ದಾಸ್ತಾನು ಇಟ್ಟು ಕಾಯಬೇಕಾ ಅನ್ನುವ ಲೆಕ್ಕ ಕಲಿಯಲು ಇಷ್ಟು ಒಳ್ಳೆಯ ಆಟ ಬೇರೆ ಇಲ್ಲ. ‘ಪ್ರಿಸಿಷನ್ ಫಾರ್ಮಿಂಗ್’ ಎಂಬ ಪುಕ್ಕಟೆ ಸೇರ್ಪಡೆ ಹಾಕಿಕೊಂಡರೆ ಮಣ್ಣಿನ ಮಾದರಿ ತೆಗೆದು, ರಸಸಾರ ಮತ್ತು ಸಾರಜನಕ ನೋಡಿ ಗೊಬ್ಬರ ಕೊಡಬೇಕು. ಮಣ್ಣು ಪರೀಕ್ಷೆ ಮಾಡಿಸಿ ಅಂತ ನಾವು ಎಷ್ಟು ಹೇಳಿದರೂ ಕೇಳದ ಹುಡುಗರು ಆಟದಲ್ಲಿ ಅದನ್ನೇ ಶ್ರದ್ಧೆಯಿಂದ ಮಾಡ್ತಾರೆ.

2024ರ ನವೆಂಬರ್‌ನಲ್ಲಿ ಬಂದ ಆವೃತ್ತಿಯಲ್ಲಿ ಗದ್ದೆಗೆ ನೀರು ಕಟ್ಟಿ ಭತ್ತ ನಾಟಿ ಮಾಡುವುದು, ಎಮ್ಮೆ ಸಾಕುವುದು ಕೂಡ ಸೇರಿದೆ. ಆದರೂ ಮೂಲದಲ್ಲಿ ಇದು ಯುರೋಪು, ಅಮೆರಿಕದ ದೊಡ್ಡ ಹಿಡುವಳಿಯ ಆಟ. 2015-16ರ ಕೃಷಿ ಗಣತಿ ಪ್ರಕಾರ ನಮ್ಮ ದೇಶದ ಸರಾಸರಿ ಹಿಡುವಳಿ 1.08 ಹೆಕ್ಟೇರ್, ಎರಡೂವರೆ ಎಕರೆಗಿಂತ ಸ್ವಲ್ಪ ಹೆಚ್ಚು. ಆಟದ ಕಂಬೈನು ಅಂಥ ಹೊಲದಲ್ಲಿ ತಿರುಗಿಸಿಕೊಳ್ಳೋಕೂ ಒದ್ದಾಡುತ್ತೆ. ಇದನ್ನು ಆಡಿ ಬೆಳೆದ ಹುಡುಗನಿಗೆ ಬೇಸಾಯ ಅಂದ್ರೆ ಯಂತ್ರ ಕೊಳ್ಳೋದು ಅನ್ನಿಸಿದರೆ ಆಶ್ಚರ್ಯ ಇಲ್ಲ. ಮೂರು ಎಕರೆಗೆ ಸಾಲ ಮಾಡಿ ದೊಡ್ಡ ಟ್ರ್ಯಾಕ್ಟರ್ ತಂದು, ಕಂತು ಕಟ್ಟಲು ಜಮೀನನ್ನೇ ಗುತ್ತಿಗೆಗೆ ಕೊಟ್ಟವರು ನಮ್ಮ ಸುತ್ತಲೇ ಇದ್ದಾರಲ್ಲ. ಕೊಡುವುದಾದರೆ ಕಷ್ಟದ ಹಂತದಲ್ಲಿ, ಜಮೀನು, ಯಂತ್ರ ಏನೂ ಇಲ್ಲದೆ ಶುರು ಮಾಡುವ ಆಯ್ಕೆಯಲ್ಲಿ ಆಡಲು ಹೇಳಿ.

ಸಕುನಾ: ದೇವತೆ, ರಾಕ್ಷಸರ ನಡುವೆ ನಿಜವಾದ ಗದ್ದೆ

ನನ್ನನ್ನು ಕೇಳಿದರೆ ನಮ್ಮ ಬೇಸಾಯಕ್ಕೆ ಹತ್ತಿರ ಇರುವುದು 2020ರಲ್ಲಿ ಜಪಾನಿನಿಂದ ಬಂದ ‘ಸಕುನಾ’. ಸುಗ್ಗಿಯ ದೇವತೆಯೊಬ್ಬಳು ರಾಕ್ಷಸರ ದ್ವೀಪಕ್ಕೆ ಬಂದು ಭತ್ತ ಬೆಳೆಯುವ ಕತೆ. ಕೇಳಿದರೆ ಅಜ್ಜಿಕತೆ ಅನ್ನಿಸುತ್ತೆ. ಆದರೆ ಗದ್ದೆಗೆ ಇಳಿದರೆ ಕೈಗೆಲಸ ಪೂರ್ತಿ ಇದೆ. ಬೀಜ ವಿಂಗಡಿಸಬೇಕು, ಸಾಲು ನೋಡಿ ನಾಟಿ ಮಾಡಬೇಕು, ತೆಂಡೆ ಒಡೆಯುವ ಹೊತ್ತಿಗೆ ನೀರು ಎಷ್ಟು ನಿಲ್ಲಿಸಬೇಕು, ಯಾವಾಗ ಬಸಿಯಬೇಕು ಅಂತ ದಿನ ದಿನ ನೋಡಬೇಕು. ಕೊಯ್ದು, ಒಣಗಿಸಿ, ಒಕ್ಕಣೆ ಮಾಡಿ, ಹೊಟ್ಟು ಬಿಡಿಸಬೇಕು. ಕಾಳನ್ನು ಉಪ್ಪುನೀರಿಗೆ ಹಾಕಿ ತೇಲಿದ ಜೊಳ್ಳು ತೆಗೆಯುವ ಪದ್ಧತಿ ನಮ್ಮಲ್ಲೂ ಇದೆ, ಅಲ್ಲೂ ಇದೆ.

ಈ ಆಟ ಬಂದಾಗ ಜಪಾನಿನಲ್ಲಿ ಒಂದು ತಮಾಷೆ ನಡೀತು. ಇಳುವರಿ ಹೆಚ್ಚಿಸುವುದು ಹೇಗೆ ಅಂತ ಹುಡುಕುತ್ತಾ ಆಟಗಾರರು ಅಲ್ಲಿನ ಕೃಷಿ ಸಚಿವಾಲಯದ ವೆಬ್‌ಸೈಟ್‌ಗೇ ಹೋಗಿ ಭತ್ತದ ಬೇಸಾಯ ಓದಿದರು, ಅದು ಆಟದಲ್ಲಿ ಕೆಲಸಕ್ಕೆ ಬಂತು! ಒಳ್ಳೆಯ ಬೇಸಾಯದ ಆಟ ಅಂದ್ರೆ ಇದು. ಆಡಿದವನು ನಿಜವಾದ ಬೇಸಾಯದ ಪುಸ್ತಕ ತೆರೆಯಬೇಕು. ಟ್ರ್ಯಾಕ್ಟರ್ ನಿಜದಂತೆ ಕಾಣುವ ಆಟಕ್ಕಿಂತ ನೀರಿನ ಹದ ನಿಜವಾಗಿರುವ ಆಟ ಮೇಲು. ಇದಕ್ಕೆ ಕಂಪ್ಯೂಟರ್ ಅಥವಾ ಆಟದ ಯಂತ್ರ ಬೇಕು, ನಡುನಡುವೆ ಹೊಡೆದಾಟವೂ ಇದೆ ಅನ್ನೋದು ಗೊತ್ತಿರಲಿ.

ಕಟ್ಟುವ ಆಟಗಳನ್ನು ಕಡೆಗಣಿಸಬೇಡಿ

ಬೇಸಾಯದಲ್ಲಿ ಅರ್ಧ ಕೆಲಸ ಕಟ್ಟುವುದೇ. ಕೊಟ್ಟಿಗೆ ಎಲ್ಲಿ, ತಿಪ್ಪೆ ಎಲ್ಲಿ, ಕಣ ಎಲ್ಲಿ, ಗಾಡಿ ಬರುವ ದಾರಿ ಎಲ್ಲಿ ಅನ್ನೋದನ್ನು ತಪ್ಪಿದರೆ ಮೂವತ್ತು ವರ್ಷ ಅದರ ಫಲ ಉಣ್ಣಬೇಕು. ಇದನ್ನು ಕಟ್ಟುವ ಆಟಗಳು ಚೆನ್ನಾಗಿ ಕಲಿಸ್ತವೆ.

‘ಮೈನ್‌ಕ್ರಾಫ್ಟ್’ನಲ್ಲಿ ಒಂದು ನೀರಿನ ಗುಂಡಿ ನಾಲ್ಕೂ ಕಡೆಗೆ ನಾಲ್ಕು ಚೌಕದವರೆಗೆ ನೆಲ ಹಸಿಯಾಗಿಡುತ್ತೆ. ಅಂದ್ರೆ ಒಂಬತ್ತಕ್ಕೆ ಒಂಬತ್ತರ ಪಾತಿಯ ನಡುವೆ ಒಂದು ನೀರು ಇಟ್ಟರೆ 80 ಚೌಕಕ್ಕೆ ಸಾಕು. ಸ್ಪ್ರಿಂಕ್ಲರ್ ಎಷ್ಟು ದೂರಕ್ಕೆ ಒಂದು ಅಂತ ನಾವು ಹಾಕುವ ಲೆಕ್ಕವೂ ಇದೇ ಜಾತಿಯದು. 2015ರ ‘ಸಿಟೀಸ್: ಸ್ಕೈಲೈನ್ಸ್’ ಎಂಬ ನಗರ ಕಟ್ಟುವ ಆಟದಲ್ಲಿ ಚರಂಡಿಯನ್ನು ನದಿಯ ಮೇಲುಗಡೆ ಬಿಟ್ಟು, ಕುಡಿಯುವ ನೀರಿನ ಪಂಪು ಕೆಳಗಡೆ ಇಟ್ಟರೆ ಊರಿಗೆ ಊರೇ ಕಾಯಿಲೆ ಬೀಳುತ್ತೆ. ಬಾವಿಯ ಮೇಲ್ಗಡೆಗೆ ಕೊಟ್ಟಿಗೆ ಕಟ್ಟುವವರು ಒಮ್ಮೆ ಆಡಬೇಕಾದ ಆಟ. ಸ್ಟಾರ್‌ಡ್ಯೂನಲ್ಲೂ ಒಂದು ಪಾಠ ಇದೆ. ಕೊಟ್ಟಿಗೆಗೆ 6,000 ನಾಣ್ಯ, ಜತೆಗೆ 350 ಮರ, 150 ಕಲ್ಲು ಬೇಕು. ಆದರೆ ತಿಳಿದವರು ಮೊದಲು ಕಟ್ಟೋದು ಮೇವಿನ ಕಣಜ. ಅದಿಲ್ಲದೆ ಹುಲ್ಲು ಕೊಯ್ದರೆ ಮೇವು ಕೂಡಿಡೋಕೆ ಆಗಲ್ಲ, ಚಳಿಗಾಲಕ್ಕೆ ದನಕ್ಕೆ ಏನೂ ಇರೋದಿಲ್ಲ. ಮೇವಿನ ದಾರಿ ಮಾಡದೆ ಡೇರಿ ಶುರು ಮಾಡುವವರಿಗೆ ಇದಕ್ಕಿಂತ ಅಗ್ಗದ ತರಬೇತಿ ಇಲ್ಲ.

ಯಾವ ಆಟದಲ್ಲೂ ಇಲ್ಲದ್ದನ್ನು ನಾವೇ ಸೇರಿಸಬೇಕು

ಪಹಣಿಯಲ್ಲಿ ತಾತನ ಹೆಸರೇ ಉಳಿದಿರುವುದು, ಬಂಡಿದಾರಿಯ ಜಗಳ, ನಡುರಾತ್ರಿ ಬರುವ ತ್ರೀ ಫೇಸ್ ಕರೆಂಟು, ಬತ್ತಿದ ಬೋರ್‌ವೆಲ್, ನಾಟಿಗೆ ಸಿಗದ ಆಳು, ಹಂದಿ ಕಾಟ ಇವು ಯಾವ ಆಟದಲ್ಲೂ ಇಲ್ಲ. ಮಗು ಆಡುವಾಗ ಇದನ್ನು ನಾವೇ ಸೇರಿಸಬಹುದು. ನಮ್ಮ ಮನೆಯಲ್ಲಿ ಮಾಡಿದ ಉಪಾಯ ಇದು: ಒಂದು ನೋಟ್‌ಬುಕ್, ಒಂದು ದಾಳ. ಆಟದಲ್ಲಿ ಒಂದೊಂದು ಋತು ಮುಗಿದಾಗ ದಾಳ ಹಾಕಬೇಕು.

- ಒಂದು ಬಿದ್ದರೆ: ಬೆಲೆ ಬಿತ್ತು, ಬಂದ ಹಣದಲ್ಲಿ ಅರ್ಧ ಮಾತ್ರ ನಿನ್ನದು.
- ಎರಡು: ಮಳೆ ಕೈಕೊಟ್ಟಿತು, ಮುಂದಿನ ಋತುವಿನಲ್ಲಿ ಅರ್ಧ ಜಮೀನು ಬೀಳು.
- ಮೂರು: ಹಂದಿ ನುಗ್ಗಿತು, ಕಾಲು ಭಾಗ ಹೋಯ್ತು.
- ನಾಲ್ಕು: ಆಳು ಸಿಗಲಿಲ್ಲ, ಮುಂದಿನ ಋತುವಿನಲ್ಲಿ ಮೂರು ದಿನ ಹೊಲಕ್ಕೆ ಇಳಿಯುವಂತಿಲ್ಲ.
- ಐದು: ಮನೆಯಲ್ಲಿ ಮದುವೆ ಅಥವಾ ಆಸ್ಪತ್ರೆ, ಕೈಯಲ್ಲಿರುವ ಹಣದಲ್ಲಿ ಮೂರನೇ ಒಂದು ಭಾಗ ಖರ್ಚು.
- ಆರು: ಬೆಳೆಯೂ ಚೆನ್ನ, ಬೆಲೆಯೂ ಚೆನ್ನ, ಪೂರ್ತಿ ನಿನ್ನದು.

ಆಟದ ಪರದೆಯಲ್ಲಿ ಎಷ್ಟೇ ಹಣ ತೋರಿಸಲಿ, ನೋಟ್‌ಬುಕ್‌ನಲ್ಲಿ ಇರುವಷ್ಟೇ ಖರ್ಚು ಮಾಡಬೇಕು. ಆರರಲ್ಲಿ ಒಂದೇ ಮುಖ ಒಳ್ಳೆಯದಾ ಅಂತ ನನ್ನ ಮಗಳು ಜಗಳ ಆಡಿದಳು. ಸರಿ, ನಮ್ಮ ಮನೆಯ ಹಿಂದಿನ ಆರು ವರ್ಷ ಲೆಕ್ಕ ಹಾಕು ಅಂದೆ. ಅವಳು ಅಜ್ಜಿಯನ್ನು ಕೇಳಿ ಬರೆದಳು, ಆಮೇಲೆ ದಾಳದ ಬಗ್ಗೆ ಮಾತಾಡಲಿಲ್ಲ.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಹೋದ ವರ್ಷ "ಮಾವ, ಕೆಲಸ ಬಿಟ್ಟು ಊರಿಗೆ ಬಂದುಬಿಡ್ತೀನಿ, ಎಕರೆಗೆ ಎಷ್ಟು ಲಾಭ ಬರುತ್ತೆ?" ಅಂತ ಕೇಳ್ತಿದ್ದ. ಬೇಡ ಅಂತ ನಾನು ಹೇಳಲಿಲ್ಲ. ಅವನು ಆಡುತ್ತಿದ್ದ ಆಟವನ್ನೇ ಈ ದಾಳ ಹಾಕಿ ಎರಡು ವರ್ಷದ ಬೇಸಾಯ ಮಾಡಿ ತೋರಿಸು ಅಂದೆ. ಎರಡು ತಿಂಗಳಾದ ಮೇಲೆ ಅವನು ಕೇಳಿದ ಪ್ರಶ್ನೆ ಬೇರೆಯಾಗಿತ್ತು: "ಮಾವ, ಏಪ್ರಿಲ್‌ನಲ್ಲಿ ನಮ್ಮ ಬೋರ್‌ನಲ್ಲಿ ಎಷ್ಟು ಇಂಚು ನೀರು ಇರುತ್ತೆ? ಎರಡು ವರ್ಷ ಬೆಳೆ ಬರದಿದ್ದರೆ ಮನೆ ಖರ್ಚಿಗೆ ಎಷ್ಟು ಇಟ್ಟುಕೊಳ್ಳಬೇಕು?" ಬೇಸಾಯಕ್ಕೆ ಬರುವವನು ಕೇಳಬೇಕಾದ ಪ್ರಶ್ನೆ ಇವೇ ಅಲ್ವಾ? ಕೆಲಸ ಇನ್ನೂ ಬಿಟ್ಟಿಲ್ಲ. ಅಕ್ಕನ ಪಾಲಿನ ಒಂದು ಎಕರೆಗೆ ಈ ಮುಂಗಾರಿನಲ್ಲಿ ರಾಗಿ, ಅಕ್ಕಡಿ ಸಾಲಿಗೆ ಅವರೆ ಹಾಕಿದ್ದಾನೆ. ಬಂದರೂ ಹೋದರೂ ತಡೆದುಕೊಳ್ಳುವಷ್ಟು.

ದುಡ್ಡಿನ ವಿಷಯದಲ್ಲಿ ಎಚ್ಚರ

ಮಕ್ಕಳು ಆಡುವ ಮೊಬೈಲ್‌ನಲ್ಲೇ ನಮ್ಮ ಯುಪಿಐ ಇರುತ್ತೆ. ಪಿಎಂ ಕಿಸಾನ್ ಕಂತು, ಹಾಲಿನ ಬಟವಾಡೆ ಬರುವುದೂ ಅದೇ ಖಾತೆಗೆ. ಆದ್ದರಿಂದ ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಯುಪಿಐ ಪಿನ್ ಮಕ್ಕಳಿಗೆ ಹೇಳಬೇಡಿ, ಎದುರಿಗೆ ಒತ್ತಲೂಬೇಡಿ. "ಬೆಳೆ ಬೆಳೆದು ನಿಜವಾದ ಹಣ ಗಳಿಸಿ" ಅನ್ನುವ ಆಟ ಕಂಡರೆ ಅಳಿಸಿಹಾಕಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಕಾನೂನಿನಲ್ಲಿ ನಿಷೇಧಿಸಿದೆ. ಪುಕ್ಕಟೆ ಆಟಕ್ಕಿಂತ ಒಮ್ಮೆ ದುಡ್ಡು ಕೊಟ್ಟು ಕೊಳ್ಳುವ ಆಟ ಹೆಚ್ಚಿನ ವೇಳೆ ಅಗ್ಗ ಬೀಳುತ್ತೆ.

ಯಾರಿಗೆ ಯಾವುದು?

- ಹತ್ತು ವರ್ಷದೊಳಗಿನವರಿಗೆ: ಮೈನ್‌ಕ್ರಾಫ್ಟ್, ದೊಡ್ಡವರು ಪಕ್ಕದಲ್ಲಿದ್ದು.
- ಹತ್ತರಿಂದ ಹದಿನೈದರವರಿಗೆ: ಸ್ಟಾರ್‌ಡ್ಯೂ ವ್ಯಾಲಿ, ನೋಟ್‌ಬುಕ್ ಮತ್ತು ದಾಳದ ಜತೆ.
- ಪಿಯುಸಿ ದಾಟಿದವರಿಗೆ: ಫಾರ್ಮಿಂಗ್ ಸಿಮ್ಯುಲೇಟರ್, ಕಷ್ಟದ ಹಂತ, ಮಣ್ಣು ಪರೀಕ್ಷೆಯ ಸೇರ್ಪಡೆಯೊಂದಿಗೆ. ಕಂಪ್ಯೂಟರ್ ಇದ್ದರೆ ಸಕುನಾ.
- ಜಮೀನು ಕೊಳ್ಳುವ ಯೋಚನೆ ಇರುವ ಪಟ್ಟಣದವರಿಗೆ: ಮೇಲಿನ ಯಾವುದಾದರೂ ಒಂದು, ಆಮೇಲೆ ಯಾರದಾದರೂ ಹೊಲದಲ್ಲಿ ಒಂದು ಮುಂಗಾರು ಪೂರ್ತಿ ಕೆಲಸ. ಅಡ್ವಾನ್ಸ್ ಕೊಡುವುದು ಅದಾದ ಮೇಲೆ.

ಇಷ್ಟಾದ ಮೇಲೂ ಆಟ ಆಟವೇ, ಹೊಲ ಹೊಲವೇ. ಆಟದಲ್ಲಿ ಸೋತರೆ ಹೊಸದಾಗಿ ಶುರು ಮಾಡಬಹುದು, ಹೊಲದಲ್ಲಿ ಸೋತವನಿಗೆ ಸಾಲ ಉಳಿಯುತ್ತೆ. ಈ ವ್ಯತ್ಯಾಸವನ್ನು ಮಕ್ಕಳಿಗೆ ಹೇಳಬೇಕಾದವರು ನಾವೇ, ಮೊಬೈಲ್ ಅಲ್ಲ. ಈ ಭಾನುವಾರ ಅರ್ಧ ಗಂಟೆ ಮಗುವಿನ ಪಕ್ಕ ಕೂತು "ಏನು ಬೆಳೆದಿದ್ದೀಯಪ್ಪಾ, ಖರ್ಚು ಎಷ್ಟಾಯ್ತು?" ಅಂತ ಕೇಳಿ ನೋಡಿ. ನಮ್ಮ ಹೊಲದ ಖರ್ಚು ಎಷ್ಟು ಅಂತ ಮಗುವೂ ತಿರುಗಿ ಕೇಳುತ್ತೆ. ಉತ್ತರ ಸಿದ್ಧ ಇಟ್ಟುಕೊಳ್ಳಿ.